ಭಯದಿಂದ ಮೆಚ್ಚುಗೆಗೆ: ‘ಆಸಮ್’ ಎಂಬ ಪದದ ಚರಿತ್ರೆ

ರಾಜ್ಯಗಳಿಗೆ ಚರಿತ್ರೆ ಇರುವಂತೆ ಪದಗಳಿಗೂ ಚರಿತ್ರೆಯಿದೆ. ರಾಜ್ಯಗಳ ಚರಿತ್ರೆಯನ್ನು ಶಾಸನ, ನಾಣ್ಯ, ಕಡತಗಳಿಂದ ತಿಳಿಯುತ್ತೇವೆ. ಪದಗಳ ಚರಿತ್ರೆಯನ್ನು ಹಳೆಯ ಗ್ರಂಥಗಳಿಂದ, ನಿಘಂಟುಗಳಿಂದ, ಎಲ್ಲಕ್ಕಿಂತ ಹೆಚ್ಚಾಗಿ ಜನರ ಆಡುಮಾತಿನಿಂದ ತಿಳಿಯಬೇಕು. ಒಂದು ಪದ ಎಲ್ಲಿ ಹುಟ್ಟಿತು, ಯಾವ ಗಡಿಯನ್ನು ದಾಟಿತು, ದಾಟುವಾಗ ಏನನ್ನು ಕಳೆದುಕೊಂಡಿತು, ಏನನ್ನು ಗಳಿಸಿತು ಎಂಬುದನ್ನು ಅರಸುತ್ತ ಹೋದರೆ ಒಂದು ಜನಾಂಗದ ಮನಸ್ಸಿನ ಚರಿತ್ರೆಯೇ ತೆರೆದುಕೊಳ್ಳುತ್ತದೆ. ಗಡಿನಾಡಿನಲ್ಲಿ ಬಾಳುವ ನಮಗೆ ಇಂತಹ ಅಧ್ಯಯನದಲ್ಲಿ ವಿಶೇಷ ಆಸಕ್ತಿ ಇರುವುದು ಸಹಜ. ಪದಗಳು ಗಡಿ ದಾಟುವುದನ್ನು ನಾವು ದಿನನಿತ್ಯ ಕಿವಿಯಾರೆ ಕೇಳುತ್ತಿದ್ದೇವೆ.

ಇಂದು ನಮ್ಮ ಮಕ್ಕಳ, ಮೊಮ್ಮಕ್ಕಳ ಬಾಯಲ್ಲಿ ಅತಿ ಹೆಚ್ಚಾಗಿ ಕೇಳಿಬರುವ ಇಂಗ್ಲಿಷಿನ ಮೆಚ್ಚುಗೆಯ ಪದ ‘ಆಸಮ್’. ಊಟ ಚೆನ್ನಾಗಿದ್ದರೆ ಆಸಮ್; ಕ್ರಿಕೆಟ್ ಆಟದಲ್ಲಿ ಚೆಂಡು ಗಡಿ ದಾಟಿದರೆ ಆಸಮ್; ಹೊಸ ಅಂಗಿ ಆಸಮ್; ಮೊಬೈಲಿನಲ್ಲಿ ಬಂದ ಮದುವೆಯ ಚಿತ್ರವೂ ಆಸಮ್. ಮನಸ್ಸನ್ನು ಸೆಳೆದ ಯಾವ ವಸ್ತುವಿಗೂ ಒಪ್ಪುವ ಈ ಪದ ಹುಟ್ಟಿದ್ದು ಭಯದಿಂದ ಎಂದರೆ ಅನೇಕರಿಗೆ ಅಚ್ಚರಿಯಾದೀತು. ಆ ಭಯ ಮೆಚ್ಚುಗೆಯಾದ ಬಗೆಯನ್ನು ವಿವರಿಸಿ, ನಮ್ಮ ಕನ್ನಡಕ್ಕೆ ಅದರಿಂದ ಬರುವ ಎಚ್ಚರಿಕೆ ಏನೆಂಬುದನ್ನು ಹೇಳುವುದು ಈ ಪ್ರಬಂಧದ ಉದ್ದೇಶ.

ಎರಡು ಭಾಷೆಗಳ ನಡುವೆ ಹುಟ್ಟಿದ ಪದ

‘ಆಸಮ್’ ಪದದ ಮೂಲ ‘ಆ’ ಎಂಬ ಚಿಕ್ಕ ಪದ. ಬರೆಯುವಾಗ ಎ, ಡಬ್ಲ್ಯು, ಇ ಎಂಬ ಮೂರು ಅಕ್ಷರಗಳು. ನುಡಿಯುವಾಗ ಒಂದೇ ದೀರ್ಘಸ್ವರ. ಬೆರಗಾದಾಗ ನಾವೂ ‘ಆ!’ ಎಂದು ಬಾಯಿ ತೆರೆಯುತ್ತೇವೆ. ಆದರೆ ಈ ಹೋಲಿಕೆ ಆಕಸ್ಮಿಕ. ಇಂಗ್ಲಿಷಿನ ‘ಆ’ ಬಂದದ್ದು ಪ್ರಾಚೀನ ನಾರ್ಸ್ ಭಾಷೆಯ ‘ಅಗಿ’ ಎಂಬ ಪದದಿಂದ. ಅದರ ಅರ್ಥ ಭಯ, ದಿಗಿಲು.

ನಾರ್ಸ್ ಇಂಗ್ಲೆಂಡಿನ ಭಾಷೆಯಲ್ಲ. ಡೆನ್ಮಾರ್ಕ್, ನಾರ್ವೆಗಳ ಕಡಲಿನಿಂದ ಬಂದ ವೈಕಿಂಗರ ಭಾಷೆ ಅದು. ಕ್ರಿ.ಶ. 793ರಲ್ಲಿ ಅವರು ಲಿಂಡಿಸ್‌ಫಾರ್ನ್ ದ್ವೀಪದ ಕ್ರೈಸ್ತ ಮಠವನ್ನು ಕೊಳ್ಳೆಹೊಡೆದರು. ಮುಂದಿನ ಶತಮಾನದಲ್ಲಿ ದಾಳಿಗೆ ಬಂದವರಲ್ಲಿ ಅನೇಕರು ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆನಿಂತು ಹೊಲ ಉತ್ತರು, ಮನೆ ಕಟ್ಟಿದರು, ಸ್ಥಳೀಯರೊಡನೆ ಸಂಬಂಧ ಬೆಳೆಸಿದರು. ಒಂದೇ ಊರಿನಲ್ಲಿ ಎರಡು ಭಾಷೆಗಳು ನೆರೆಮನೆಯವರಂತೆ ಬಾಳಿದವು. ಆಕಾಶಕ್ಕೆ ‘ಸ್ಕೈ’, ಮೊಟ್ಟೆಗೆ ‘ಎಗ್’, ಕಿಟಕಿಗೆ ‘ವಿಂಡೋ’, ಕಾನೂನಿಗೆ ‘ಲಾ’ ಮುಂತಾದ ಪದಗಳು ಇಂಗ್ಲಿಷಿಗೆ ಬಂದದ್ದು ಆ ಸಹವಾಸದಿಂದಲೇ. ‘ಅವರು’ ಎಂಬ ಅರ್ಥದ ‘ದೇ’ ಎಂಬ ಸರ್ವನಾಮ ಕೂಡ ಹಾಗೆ ಬಂದದ್ದು. ಸರ್ವನಾಮವನ್ನೇ ಕಡ ಪಡೆಯುವಷ್ಟು ಹತ್ತಿರದ ಒಡನಾಟ ಎಂತಹದೆಂದು ಗಡಿನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಭಯಕ್ಕೆ ಇಂಗ್ಲಿಷಿನಲ್ಲಿ ಪದವಿರಲಿಲ್ಲವೆಂದಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದೇ ಕುಲದ ‘ಎಗೆ’ ಎಂಬ ಪದವಿತ್ತು. ಅಕ್ಕತಂಗಿಯರಂತಿದ್ದ ಈ ಎರಡು ಪದಗಳು ಕೆಲಕಾಲ ಜೊತೆಯಾಗಿ ನಡೆದು, ಕೊನೆಗೆ ಹೊರಗಿನಿಂದ ಬಂದದ್ದೇ ಉಳಿದುಕೊಂಡಿತು. ಮೊದಲು ಅದು ಬರಿಯ ಭಯ. ಆದರೆ ಧರ್ಮಗ್ರಂಥಗಳಲ್ಲಿ ದೇವರ ಮುಂದೆ ನಿಂತ ಮನುಷ್ಯನ ಭಾವವನ್ನು ಹೇಳಲು ಈ ಪದ ಬಳಕೆಯಾದಂತೆ, ಭಯದ ಜೊತೆಗೆ ಗೌರವವೂ ವಿನಯವೂ ಸೇರಿಕೊಂಡವು. ಆಗ ಪಡೆದ ಅರ್ಥವನ್ನು ಕನ್ನಡದಲ್ಲಿ ಒಂದೇ ಸಮಾಸದಿಂದ ಹೇಳಬಹುದು: ಭಯಭಕ್ತಿ. ಇಂಗ್ಲಿಷಿನವರಿಗೆ ಒಂದು ಪದಕ್ಕೆ ಈ ಎರಡನೆಯ ಭಾವವನ್ನು ತುಂಬಲು ಶತಮಾನಗಳು ಬೇಕಾದವು. ನಮ್ಮ ಹಿರಿಯರು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಜೋಡಿಸಿ ಹೇಳಿದರು.

ಎರಡು ಮಕ್ಕಳು, ಎರಡು ದಾರಿ

‘ಆ’ ಎಂಬ ಈ ತಾಯಿಗೆ ಇಬ್ಬರು ಮಕ್ಕಳು. ಹಿರಿಯದು ‘ಆಫುಲ್’, 1300ರ ಸುಮಾರಿಗೇ ಬಳಕೆಯಲ್ಲಿತ್ತು. ಕಿರಿಯದು ‘ಆಸಮ್’; 16ನೆಯ ಶತಮಾನದ ಕೊನೆಯ ಭಾಗದಲ್ಲಿ ಬರವಣಿಗೆಯಲ್ಲಿ ಕಾಣಿಸಿಕೊಂಡಿತು. ಆರಂಭದಲ್ಲಿ ‘ಆಸಮ್’ ಎಂದರೆ ಭಯಭಕ್ತಿಯಿಂದ ಕೂಡಿದ ಮನುಷ್ಯ ಎಂದರ್ಥ. 17ನೆಯ ಶತಮಾನದ ಉತ್ತರಾರ್ಧದ ಹೊತ್ತಿಗೆ ಭಯಭಕ್ತಿಯನ್ನು ಹುಟ್ಟಿಸುವ ವಸ್ತು ಎಂಬ ಅರ್ಥ ಬಂದಿತು. ಹೀಗೆ ನೋಡುವವನಿಂದ ನೋಡಲ್ಪಡುವ ವಸ್ತುವಿಗೆ ವಿಶೇಷಣ ವರ್ಗಾವಣೆಯಾಯಿತು.

ಹಿಂದೆ ನಾನು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಒಂದು ಪ್ರಶ್ನೆ ಕೇಳಿದಳು. “ಸರ್, ‘ಫುಲ್’ ಎಂದರೆ ತುಂಬ, ‘ಸಮ್’ ಎಂದರೆ ಸ್ವಲ್ಪ. ತುಂಬ ಇದ್ದರೆ ಕೆಟ್ಟದ್ದು, ಸ್ವಲ್ಪ ಇದ್ದರೆ ಒಳ್ಳೆಯದು ಹೇಗಾಯಿತು?” ತರಗತಿ ನಕ್ಕಿತು, ಆದರೆ ಪ್ರಶ್ನೆ ನಗುವಂತಹದಲ್ಲ. ಇಲ್ಲಿಯ ‘ಸಮ್’ ಸ್ವಲ್ಪ ಎಂಬ ಅರ್ಥದ ಪದವಲ್ಲ. ‘ಗುಣವುಳ್ಳ’ ಎಂಬ ಅರ್ಥದ ಹಳೆಯ ಪ್ರತ್ಯಯ. ‘ಹ್ಯಾಂಡ್ಸಮ್’, ‘ಫಿಯರ್ಸಮ್’ ಮೊದಲಾದ ಪದಗಳಲ್ಲಿ ಇರುವುದೂ ಅದೇ. ವ್ಯಾಕರಣದ ದೃಷ್ಟಿಯಿಂದ ಆಫುಲ್, ಆಸಮ್ ಎರಡೂ ಸರಿಸುಮಾರು ಸಮಾನಾರ್ಥಕಗಳೇ. ಒಂದು ಕೆಳಗಿಳಿದು ಇನ್ನೊಂದು ಮೇಲೇರಿದ್ದಕ್ಕೆ ಕಾರಣ ವ್ಯಾಕರಣದಲ್ಲಿಲ್ಲ, ಬಳಕೆಯ ಚರಿತ್ರೆಯಲ್ಲಿದೆ. ಈ ಮಾತನ್ನು ಆ ದಿನ ಕರಿಹಲಗೆಯ ಮೇಲೆ ಎರಡು ಕವಲುಗಳ ಮರ ಬರೆದು ವಿವರಿಸಿದೆ.

ಲಂಡನ್ನಿನ ಸಂತ ಪಾಲರ ಮಹಾದೇವಾಲಯದ ಬಗ್ಗೆ ಒಂದು ಪ್ರಸಿದ್ಧ ಕಥೆಯಿದೆ. 1666ರ ಮಹಾ ಅಗ್ನಿಕಾಂಡದಲ್ಲಿ ಹಳೆಯ ಕಟ್ಟಡ ಸುಟ್ಟುಹೋದ ಮೇಲೆ ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ ಹೊಸದನ್ನು ಕಟ್ಟಿಸಿದನು. ಅದನ್ನು ನೋಡಿದ ದೊರೆ ‘ಅಮ್ಯೂಸಿಂಗ್, ಆಫುಲ್, ಆರ್ಟಿಫಿಶಿಯಲ್’ ಎಂದನಂತೆ. ರೆನ್ ಸಂತೋಷದಿಂದ ತಲೆಬಾಗಿದನಂತೆ. ಇಂದಿನ ಅರ್ಥದಲ್ಲಿ ಇದು ‘ನಗೆ ಬರಿಸುವಂತಿದೆ, ಕೆಟ್ಟದಾಗಿದೆ, ಕೃತಕವಾಗಿದೆ’ ಎಂದಾಗುತ್ತದೆ. ಅಂದಿನ ಅರ್ಥದಲ್ಲಿ ‘ಮನಸ್ಸನ್ನು ಸೆಳೆಯುತ್ತದೆ, ಭಯಭಕ್ತಿ ಹುಟ್ಟಿಸುತ್ತದೆ, ಕಲಾಕೌಶಲದಿಂದ ಕೂಡಿದೆ’ ಎಂಬ ಪ್ರಶಂಸೆ. ಹೇಳುವವರು ಒಮ್ಮೆ ಎರಡನೆಯ ಚಾರ್ಲ್ಸ್ ಎನ್ನುತ್ತಾರೆ, ಒಮ್ಮೆ ಎರಡನೆಯ ಜೇಮ್ಸ್ ಎನ್ನುತ್ತಾರೆ, ಮತ್ತೊಮ್ಮೆ ರಾಣಿ ಆ್ಯನ್ ಎನ್ನುತ್ತಾರೆ. ಆದುದರಿಂದ ಇದನ್ನು ದಂತಕಥೆಯೆಂದೇ ತಿಳಿಯಬೇಕು. ಆದರೆ ಅದರ ಬೇರು ಸುಳ್ಳಲ್ಲ. ಆ ದೇವಾಲಯದ ನಕ್ಷೆಗೆ ಒಪ್ಪಿಗೆ ನೀಡಿದ 1675ರ ರಾಜಾಜ್ಞೆಯಲ್ಲಿ ‘ಆರ್ಟಿಫಿಶಿಯಲ್’ ಎಂಬ ಪದ ಹೊಗಳಿಕೆಯಾಗಿಯೇ ಬಂದಿದೆ.

‘ಆಫುಲ್’ ಕೆಳಗಿಳಿದದ್ದು 19ನೆಯ ಶತಮಾನದ ಆರಂಭದಲ್ಲಿ. ಅಮೆರಿಕದ ಭಾಷಾವಿದ್ವಾಂಸ ಜಾನ್ ಪಿಕರಿಂಗ್ 1816ರಲ್ಲಿ ಪ್ರಕಟಿಸಿದ ಪದಕೋಶದಲ್ಲಿ, ನ್ಯೂ ಇಂಗ್ಲೆಂಡಿನ ಜನ ಬಾಯಿಗೆ ರುಚಿಸದ ಔಷಧಿಗೂ ಈ ಪದವನ್ನು ಬಳಸುತ್ತಿದ್ದುದನ್ನು ದಾಖಲಿಸಿದ್ದಾನೆ. ದೇವರ ಸನ್ನಿಧಿಗೆ ಸಲ್ಲುತ್ತಿದ್ದ ಪದ ಕಹಿ ಕಷಾಯಕ್ಕೆ ಇಳಿಯಿತು. ಅನಂತರ ಅದು ಬರಿಯ ‘ಬಹಳ’ ಎಂಬ ಅರ್ಥಕ್ಕೂ ಬಂದಿತು. ‘ಆಫುಲ್ಲಿ ನೈಸ್’ ಎನ್ನುವ ಸಭ್ಯ ಆಂಗ್ಲರ ಮಾತಿನಲ್ಲಿ ಭಯವೂ ಇಲ್ಲ, ಭಕ್ತಿಯೂ ಇಲ್ಲ. ಅದು ಬರಿಯ ಒತ್ತು.

ನಡುಗಿಸಿದ ಪದಗಳು

ಇದು ಒಂದೇ ಪದದ ಕಥೆಯಾಗಿದ್ದರೆ ಆಕಸ್ಮಿಕವೆನ್ನಬಹುದಿತ್ತು. ಇಂಗ್ಲಿಷಿನಲ್ಲಿ ಭಾರಿ ವಸ್ತುಗಳನ್ನು ಹೊಗಳುವ ಪದಗಳ ಸಾಲನ್ನೇ ನೋಡಿದರೆ ಇದೊಂದು ನಿಯಮದಂತೆ ತೋರುತ್ತದೆ. ‘ಟೆರಿಫಿಕ್’ ಎಂದರೆ ಲ್ಯಾಟಿನ್ ಮೂಲದಲ್ಲಿ ಭಯವನ್ನುಂಟುಮಾಡುವುದು. ಮಿಲ್ಟನ್ ಕವಿ 1667ರ ತನ್ನ ಮಹಾಕಾವ್ಯದಲ್ಲಿ ಈ ಪದವನ್ನು ಸರ್ಪದ ವರ್ಣನೆಗೆ ಬಳಸಿದ್ದಾನೆ. ಇಂದು ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದ ಮಗುವಿಗೆ ಹೇಳುವ ಮಾತು ಅದು. ‘ಟ್ರೆಮೆಂಡಸ್’ ಎಂದರೆ ನಡುಗಿಸುವಂತಹದು. ‘ಸ್ಟುಪೆಂಡಸ್’ ಎಂದರೆ ಮರಗಟ್ಟಿಸುವಂತಹದು. ಫ್ರೆಂಚರ ‘ಫಾರ್ಮಿದಾಬ್ಲ್’ ಎಂಬ ಪದದ ಮೂಲಾರ್ಥವೂ ಭಯಂಕರ; ಈಗಿನ ಆಡುಮಾತಿನಲ್ಲಿ ಅದು ‘ಬಹಳ ಚೆನ್ನಾಗಿದೆ’ ಎಂದು. ಜರ್ಮನರೂ ಸ್ನೇಹಪರ ವ್ಯಕ್ತಿಯನ್ನು ‘ಭಯಂಕರ ಒಳ್ಳೆಯವನು’ ಎನ್ನುವ ಅರ್ಥದ ಮಾತಿನಿಂದ ಹೊಗಳುತ್ತಾರೆ.

ಇದನ್ನು ತತ್ತ್ವವಾಗಿ ವಿಚಾರ ಮಾಡಿದವನು ಎಡ್ಮಂಡ್ ಬರ್ಕ್. ವಾರನ್ ಹೇಸ್ಟಿಂಗ್ಸನ ಮೇಲೆ 1788ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಮುಂದೆ ವಿಚಾರಣೆ ಆರಂಭವಾದಾಗ ಆರೋಪಗಳನ್ನು ಮಂಡಿಸಿದ ಬರ್ಕ್ ಎಂದು ಭಾರತದ ಚರಿತ್ರೆಯ ವಿದ್ಯಾರ್ಥಿಗಳಿಗೆ ಅವನು ಪರಿಚಿತ. ಅದಕ್ಕಿಂತ ಮೂವತ್ತು ವರ್ಷ ಮೊದಲು, 1757ರಲ್ಲಿ, ಭವ್ಯತೆ ಮತ್ತು ಸೌಂದರ್ಯಗಳನ್ನು ಕುರಿತು ಅವನು ಒಂದು ಗ್ರಂಥ ಬರೆದಿದ್ದನು. ಸೌಂದರ್ಯ ಪ್ರೀತಿಯನ್ನು ಹುಟ್ಟಿಸುತ್ತದೆ, ಭವ್ಯತೆಯ ಬುಡದಲ್ಲಿ ಇರುವುದು ಭಯ ಎಂಬುದು ಅವನ ವಾದ. ಕಡಲು, ಕತ್ತಲೆ, ಬೆಟ್ಟದ ತುದಿ ಇವುಗಳನ್ನು ಸುರಕ್ಷಿತವಾದ ದೂರದಿಂದ ನೋಡಿದಾಗ ಭಯವೇ ಒಂದು ಬಗೆಯ ಆನಂದವಾಗುತ್ತದೆ ಎಂದು ಅವನ ವಿವರಣೆ. ಗ್ರೀಕ್, ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್ ಭಾಷೆಗಳಲ್ಲಿ ಭಯಕ್ಕೂ ಬೆರಗಿಗೂ ಒಂದೇ ಪದ ಬಳಕೆಯಾಗುವುದನ್ನು ಅವನು ಸಾಕ್ಷಿಯಾಗಿ ಕೊಟ್ಟಿದ್ದಾನೆ.

ಜರ್ಮನಿಯ ರುಡಾಲ್ಫ್ ಆಟೊ 1917ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ವಿಚಾರವನ್ನು ಧರ್ಮಾನುಭವಕ್ಕೆ ವಿಸ್ತರಿಸಿದನು. ಪವಿತ್ರವಾದುದು ಏಕಕಾಲಕ್ಕೆ ನಡುಗಿಸುತ್ತದೆ ಮತ್ತು ಸೆಳೆಯುತ್ತದೆ ಎಂಬುದು ಅವನ ಸಿದ್ಧಾಂತ. ಭಾರತಕ್ಕೂ ಬಂದುಹೋಗಿದ್ದ ಅವನು ಇದಕ್ಕೆ ಉದಾಹರಣೆಯಾಗಿ ಆರಿಸಿಕೊಂಡದ್ದರಲ್ಲಿ ಭಗವದ್ಗೀತೆಯ 11ನೆಯ ಅಧ್ಯಾಯವೂ ಸೇರಿದೆ. ವಿಶ್ವರೂಪವನ್ನು ಕಂಡ ಅರ್ಜುನ ಆ ರೂಪವನ್ನು ಒಂದೇ ಶ್ಲೋಕದಲ್ಲಿ ‘ಅದ್ಭುತ’ ಎಂದೂ ‘ಉಗ್ರ’ ಎಂದೂ ಕರೆಯುತ್ತಾನೆ. ನಮ್ಮ ಅಲಂಕಾರಶಾಸ್ತ್ರ ಈ ಎರಡನ್ನೂ ಎಚ್ಚರಿಕೆಯಿಂದ ಬೇರ್ಪಡಿಸಿದೆ: ವಿಸ್ಮಯದಿಂದ ಅದ್ಭುತರಸ, ಭಯದಿಂದ ಭಯಾನಕರಸ. ಆದರೆ ಕೆಲವು ಅನುಭವಗಳ ಮುಂದೆ ಎರಡೂ ಒಟ್ಟಿಗೆ ನಿಲ್ಲುತ್ತವೆ. 1969ರ ಜುಲೈಯಲ್ಲಿ ಚಂದ್ರನ ಮೇಲೆ ಇಳಿದ ಎರಡನೆಯ ಮಾನವ ಬಜ್ ಆಲ್ಡ್ರಿನ್ ಸುತ್ತ ನೋಡಿ ಹೇಳಿದ್ದು ಎರಡೇ ಪದ. ಕನ್ನಡದಲ್ಲಿ ಹೇಳುವುದಾದರೆ ‘ಭವ್ಯವಾದ ಬಟ್ಟಬಯಲು’. ಒಂದು ಪದ ಸೆಳೆತದ್ದು, ಇನ್ನೊಂದು ಅಳುಕಿನದು.

ಖಾಲಿಯಾದ ಪೀಠವನ್ನೇರಿದ ಕಿರಿಯ

‘ಆಫುಲ್’ ಕೆಳಗಿಳಿದ ಮೇಲೆ ಅದರ ಪೀಠ ಬರಿದಾಯಿತು. ಭಯಭಕ್ತಿಯನ್ನು ಹುಟ್ಟಿಸುವ ವಸ್ತುವಿಗೆ ಇಂಗ್ಲಿಷಿನಲ್ಲಿ ಒಂದು ವಿಶೇಷಣ ಬೇಕಾಗಿತ್ತು; ‘ಆಸಮ್’ ಆ ಸ್ಥಾನವನ್ನು ತುಂಬಿತು. ಬೈಬಲ್ಲಿನ ಅನುವಾದಗಳಲ್ಲಿ ಇದನ್ನು ಸ್ಪಷ್ಟವಾಗಿ ಕಾಣಬಹುದು. 47ನೆಯ ಕೀರ್ತನೆಯಲ್ಲಿ ದೇವರನ್ನು ವರ್ಣಿಸುವ ಹೀಬ್ರೂ ಪದಕ್ಕೆ 1611ರ ರಾಜ ಜೇಮ್ಸನ ಕಾಲದ ಅನುವಾದ ‘ಟೆರಿಬಲ್’ ಎಂಬ ಪದವನ್ನು ಕೊಟ್ಟಿತ್ತು. ಮೂರೂವರೆ ಶತಮಾನಗಳಲ್ಲಿ ‘ಟೆರಿಬಲ್’ ಎಂದರೆ ಕೆಟ್ಟದ್ದು ಎಂಬ ಅರ್ಥ ಗಟ್ಟಿಯಾಗಿ ಕುಳಿತದ್ದರಿಂದ, 1978ರಲ್ಲಿ ಬಂದ ಹೊಸ ಅಂತರರಾಷ್ಟ್ರೀಯ ಅನುವಾದದವರು ಅದೇ ಸ್ಥಳದಲ್ಲಿ ‘ಆಸಮ್’ ಎಂದು ಬರೆದರು. ಕನ್ನಡ ಬೈಬಲ್ಲಿನಲ್ಲಿ ಅಲ್ಲಿರುವ ಪದ ‘ಭಯಂಕರ’.

ಅನುವಾದಕರು ಇಷ್ಟು ಶ್ರದ್ಧೆಯಿಂದ ಆರಿಸಿದ ಪದಕ್ಕೂ ನೆಮ್ಮದಿ ಸಿಗಲಿಲ್ಲ. 1960ರ ದಶಕದಿಂದಲೇ ಅಮೆರಿಕದಲ್ಲಿ ‘ಆಸಮ್’ ಎಂದರೆ ‘ಪರಿಣಾಮಕಾರಿ, ದೊಡ್ಡದು’ ಎಂಬ ಸಡಿಲ ಅರ್ಥ ಹರಡತೊಡಗಿತ್ತು. 1980ರ ದಶಕದಲ್ಲಿ ಅಲ್ಲಿಯ ಹದಿಹರೆಯದವರು ಅದನ್ನು ‘ತುಂಬ ಚೆನ್ನಾಗಿದೆ’ ಎಂಬುದಕ್ಕೆ ದಿನಬಳಕೆಯ ಮಾತಾಗಿಸಿಕೊಂಡರು. ಅಲ್ಲಿಂದ ಸಿನಿಮಾ, ದೂರದರ್ಶನ, ಗಣಕಯಂತ್ರ, ಮೊಬೈಲುಗಳ ಮೂಲಕ ಅದು ಜಗತ್ತನ್ನೆಲ್ಲ ಸುತ್ತಿ ನಮ್ಮ ಜಗಲಿಗೂ ಬಂದು ಕುಳಿತಿದೆ. ಹಿರಿಯ ಪದ ಔಷಧಿಯ ಮಟ್ಟಕ್ಕೆ ಇಳಿದರೆ, ಕಿರಿಯ ಪದ ಐಸ್‌ಕ್ರೀಮಿನ ಮಟ್ಟಕ್ಕೆ ಇಳಿಯಿತು. ಒಂದು ಕಹಿಯಾಯಿತು, ಇನ್ನೊಂದು ಸಿಹಿಯಾಯಿತು. ಭಾರ ಕಳೆದುಕೊಂಡದ್ದರಲ್ಲಿ ಎರಡೂ ಸಮಾನ.

ಆದರೂ ಪದದ ಹಳೆಯ ಮುಖ ಪೂರ್ತಿ ಅಳಿಸಿಹೋಗುವುದಿಲ್ಲ. 1996ರಲ್ಲಿ ಅಮೆರಿಕದ ಇಬ್ಬರು ಯುದ್ಧತಂತ್ರಜ್ಞರು, ಹಾರ್ಲನ್ ಉಲ್‌ಮನ್ ಮತ್ತು ಜೇಮ್ಸ್ ವೇಡ್, ‘ಶಾಕ್ ಆ್ಯಂಡ್ ಆ’ ಎಂಬ ಹೆಸರಿನ ಗ್ರಂಥ ಹೊರತಂದರು. ಶತ್ರುವಿನ ಮನೋಬಲವೇ ಕುಸಿಯುವಷ್ಟು ಭಾರಿ ಬಲಪ್ರಯೋಗ ಎಂಬುದು ಅದರ ತಾತ್ಪರ್ಯ. 2003ರ ಮಾರ್ಚ್ ತಿಂಗಳಲ್ಲಿ ಬಾಗ್ದಾದಿನ ಮೇಲೆ ಬಾಂಬುಗಳು ಬಿದ್ದಾಗ ಜಗತ್ತಿನ ಪತ್ರಿಕೆಗಳೆಲ್ಲ ಈ ಮಾತನ್ನು ಮುದ್ರಿಸಿದವು. ವೈಕಿಂಗರ ಹಡಗುಗಳೊಡನೆ ಇಂಗ್ಲೆಂಡಿನ ದಡಕ್ಕೆ ಬಂದಿದ್ದ ಅದೇ ಭಯ, ಸಾವಿರಕ್ಕೂ ಹೆಚ್ಚು ವರ್ಷಗಳ ಬಳಿಕ, ಅದೇ ಪದದಲ್ಲಿ ಮತ್ತೆ ಕಾಣಿಸಿಕೊಂಡಿತು. ಮಕ್ಕಳು ತಿಂಡಿಗೆ ಹೇಳುವ ಪದವನ್ನೂ ಸೇನೆ ಬಾಂಬಿಗೆ ಹೇಳುವ ಪದವನ್ನೂ ಹೆತ್ತ ತಾಯಿ ಒಬ್ಬಳೇ.

ನಮ್ಮ ನಾಲ್ಕು ಗಡಿಗಳಲ್ಲಿ

ಈ ಚರಿತ್ರೆಯನ್ನು ಇಂಗ್ಲಿಷಿನವರ ವೈಶಿಷ್ಟ್ಯವೆಂದು ತಿಳಿಯಬೇಕಾಗಿಲ್ಲ. ಈ ಸಮ್ಮೇಳನಕ್ಕೆ ನಾನಾ ಗಡಿಗಳಿಂದ ಬಂದಿರುವ ಕನ್ನಡಿಗರು ತಮ್ಮ ನೆರೆಯ ಭಾಷೆಗಳನ್ನು ಒಮ್ಮೆ ನೆನೆದರೆ ಸಾಕು. ಕಾಸರಗೋಡು, ವಯನಾಡುಗಳ ನಮಗೆ ಮಲಯಾಳಿಗಳ ‘ಭಯಂಕರ ಇಷ್ಟಂ’, ‘ಭಯಂಕರ ಸಂತೋಷಂ’ ಎಂಬ ಮಾತು ಸುಪರಿಚಿತ. ಅಲ್ಲಿ ಭಯಂಕರ ಎಂದರೆ ಬಹಳ ಎಂದಷ್ಟೇ. ಯುವಕರ ‘ಅಡಿಪೊಳಿ’ ಎಂಬ ಪ್ರಶಂಸೆಯಲ್ಲಿಯೂ ‘ಅಡಿ’ ಎಂದರೆ ಏಟು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಬಂಧುಗಳು ಮರಾಠಿಯಲ್ಲಿ ‘ಭಯಂಕರ್ ಆವಡ್ಲಂ’ ಎನ್ನುವುದನ್ನು ಕೇಳಿರುತ್ತಾರೆ. ‘ಬಹಳ ಹಿಡಿಸಿತು’ ಎಂದು ಅದರ ಅರ್ಥ. ರಾಯದುರ್ಗ, ಆದೋನಿ, ಮಡಕಶಿರದ ಕಡೆ ತೆಲುಗರು ಮೆಚ್ಚಿದ ವಸ್ತುವನ್ನು ‘ಅದಿರಿಂದಿ’ ಎನ್ನುತ್ತಾರೆ. ಅದು ‘ಅದುರಿತು’ ಎಂಬ ನಮ್ಮದೇ ಮಾತಿನ ಒಡಹುಟ್ಟು. ಇಂಗ್ಲಿಷಿನ ‘ಟ್ರೆಮೆಂಡಸ್’ ನಡೆದ ದಾರಿಯನ್ನೇ ಅದು ತಾನಾಗಿ ನಡೆದಿದೆ. ಹೊಸೂರು, ತಾಳವಾಡಿ, ನೀಲಗಿರಿಯವರಿಗೆ ತಮಿಳಿನ ‘ಮಿರಟ್ಟಲ್’ ಗೊತ್ತು. ಬೆದರಿಕೆ ಎಂಬ ಅರ್ಥದ ಆ ಪದ ಈಗ ನಟನೊಬ್ಬನ ಉತ್ತಮ ಅಭಿನಯಕ್ಕೆ ಸಲ್ಲುವ ಹೊಗಳಿಕೆ.

ಕನ್ನಡವೂ ಇದಕ್ಕೆ ಹೊರತಲ್ಲ. ಬೆಂಗಳೂರಿನ ತರುಣರ ‘ಸಖತ್’ ಪಾರಸಿಯ ‘ಸಖ್ತ್’ ಪದದಿಂದ ಬಂದುದು. ಮೂಲದಲ್ಲಿ ಕಠಿಣ, ನಿಷ್ಠುರ ಎಂದರ್ಥ. ‘ಜಬರ್ದಸ್ತ್’ ಎಂದರೆ ಮೇಲುಗೈ, ಬಲಾತ್ಕಾರ. ಉತ್ತರದ ಕಡೆ ಅದು ಶ್ಲಾಘನೆ. ಸಂಸ್ಕೃತದ ‘ಸಾಹಸ’ವಂತೂ ಧರ್ಮಶಾಸ್ತ್ರಗಳಲ್ಲಿ ಬಲಾತ್ಕಾರದ ಅಪರಾಧಕ್ಕೆ ಇದ್ದ ಹೆಸರು. ಮನುಸ್ಮೃತಿ ಎಣಿಸುವ ಹದಿನೆಂಟು ವ್ಯವಹಾರಪದಗಳಲ್ಲಿ ಅದೂ ಒಂದು. ನಾವು ಸಾಹಸಿಗಳಿಗೆ ಶಾಲು ಹೊದಿಸಿ ಸನ್ಮಾನಿಸುತ್ತೇವೆ. ಹೀಗೆ ಬಲವನ್ನು ಕಂಡು ಅಂಜಿದ ಮನುಷ್ಯ, ಅಂಜಿಕೆ ತೀರಿದ ಮೇಲೆ ಅದೇ ಪದದಿಂದ ಹೊಗಳುವುದು ಎಲ್ಲ ಭಾಷೆಗಳಲ್ಲಿಯೂ ನಡೆದು ಬಂದಿರುವ ವ್ಯಾಪಾರ.

ಆದರೆ ಭಯ ಪೂರ್ತಿ ತೀರದೆ ಉಳಿದಿರುವ ಎಡೆಗಳೂ ನಮ್ಮಲ್ಲಿವೆ. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಬಣ್ಣದ ವೇಷದ ಪ್ರವೇಶವನ್ನು ನೆನೆಯಿರಿ. ಅಕ್ಕಿಹಿಟ್ಟಿನ ಚಿಟ್ಟಿಯಿಟ್ಟ ಮುಖ, ತೆರೆಯ ಹಿಂದಿನ ಅಬ್ಬರ, ದೀವಟಿಗೆಗೆ ಎರಚಿದ ರಾಳದ ಪುಡಿಯಿಂದ ಭಗ್ಗೆಂದು ಏಳುವ ಜ್ವಾಲೆ. ಮಡಿಲಲ್ಲಿದ್ದ ಮಗು ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತದೆ. ಮರುಕ್ಷಣ ಸೆರಗು ಸರಿಸಿ ಇಣುಕುತ್ತದೆ. ಬರ್ಕನ ಗ್ರಂಥದ ಸಾರ ಆ ಇಣುಕುನೋಟದಲ್ಲಿದೆ. ಭೂತದ ಕೋಲದಲ್ಲಿ, ತೆಯ್ಯಂ ಕಟ್ಟಿದ ಅಂಗಳದಲ್ಲಿ ಕೈಜೋಡಿಸಿ ನಿಂತವರ ಮುಖದಲ್ಲಿ ಕಾಣುವುದೂ ಅದೇ ಭಾವ. ಅಲ್ಲಿ ನಿಂತ ಯಾವ ಹಿರಿಯರೂ ‘ಸಖತ್ತಾಗಿದೆ’ ಎನ್ನುವುದಿಲ್ಲ. ಅವರು ಮೌನವಾಗಿರುತ್ತಾರೆ.

ನಮ್ಮ ಮಕ್ಕಳ ಮಾತಿನ ತೂಕ

ಇಷ್ಟನ್ನು ಹೇಳಿದ ಮೇಲೆ, ಪದದ ಅರ್ಥ ಬದಲಾಗುವುದು ಅನಿವಾರ್ಯವಾದರೆ ಚಿಂತೆ ಏಕೆ ಎಂದು ಕೇಳಬಹುದು. ಅರ್ಥ ಬದಲಾಗುವುದರ ಬಗ್ಗೆ ನನಗೆ ಚಿಂತೆಯಿಲ್ಲ. ಇಂಗ್ಲಿಷಿನ ಮೇಲೆ ವಿರೋಧವಂತೂ ಇಲ್ಲ, ಅದನ್ನು ಕಲಿಸಿಯೇ ನಾನು ಸಂಬಳ ಪಡೆದವನು. ನನ್ನ ಚಿಂತೆ ಬೇರೆ. ಇಂಗ್ಲಿಷಿನಲ್ಲಿ ಒಂದು ಪದ ಸವೆದರೆ ಆ ಸ್ಥಾನಕ್ಕೆ ಇನ್ನೊಂದು ಬರುತ್ತದೆ. ಅದನ್ನು ಬರೆಯುವವರು, ಓದುವವರು, ಅಚ್ಚು ಹಾಕುವವರು ಜಗತ್ತಿನ ಎಲ್ಲೆಡೆ ಇದ್ದಾರೆ. ಗಡಿನಾಡಿನ ಮನೆಯೊಂದರಲ್ಲಿ ಕನ್ನಡದ ಪದವೊಂದು ಬಳಕೆ ತಪ್ಪಿದರೆ ಅದನ್ನು ತುಂಬಿಕೊಡುವ ರಾಜ್ಯಭಾಷೆಯ ಬಲ ಅಲ್ಲಿಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಗುರುತಾದಾಗಿನಿಂದ ನಮ್ಮ ಕನ್ನಡಕ್ಕೆ ಆಸರೆಯಾಗಿರುವುದು ಮನೆ, ಶಾಲೆ ಮತ್ತು ಇಂತಹ ಸಂಘಗಳು.

ಮೂರು ದಶಕಗಳಿಗೂ ಹೆಚ್ಚು ಕಾಲ ಮಕ್ಕಳ ಬರವಣಿಗೆಯನ್ನು ತಿದ್ದಿದ ಅನುಭವದಿಂದ ಒಂದು ಮಾತು ಹೇಳಬಲ್ಲೆ. ಭಾಷೆಯೊಂದು ಮಗುವಿನಲ್ಲಿ ಸೊರಗುವಾಗ ಮೊದಲು ಹೋಗುವುದು ನಾಮಪದಗಳಲ್ಲ. ಅನ್ನ, ನೀರು, ಅಮ್ಮ, ಮನೆ ಇವು ಕೊನೆಯವರೆಗೂ ಉಳಿಯುತ್ತವೆ. ಮೊದಲು ಹೋಗುವುದು ಭಾವದ ತರತಮವನ್ನು ಹೇಳುವ ವಿಶೇಷಣಗಳು. ಚೆಂದ, ಸೊಗಸು, ಅಚ್ಚುಕಟ್ಟು, ಮನೋಹರ, ಸೋಜಿಗ, ಬೆರಗು, ವಿಸ್ಮಯ, ಭವ್ಯ, ಘನ, ದಿವ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ನಮ್ಮಲ್ಲಿ ಪದಗಳಿವೆ. ಪುಟ್ಟ ರಂಗವಲ್ಲಿ ಸೊಗಸು, ಅದು ಭವ್ಯವಲ್ಲ. ವಿಜಯಪುರದ ಗೋಲಗುಮ್ಮಟ ಭವ್ಯ. ಅದನ್ನು ಅಚ್ಚುಕಟ್ಟು ಎಂದರೆ ಸಾಲದು. ಚಿಪ್ಪಿನೊಳಗೆ ಮುತ್ತಾಗುವುದು ಸೋಜಿಗ. ಈ ಮೆಟ್ಟಿಲುಗಳೆಲ್ಲ ‘ಆಸಮ್’ ಎಂಬ ಒಂದೇ ಜಗಲಿಯಾಗಿ ಸಮತಟ್ಟಾದರೆ, ಮಗು ಕಳೆದುಕೊಳ್ಳುವುದು ಹತ್ತು ಪದಗಳನ್ನಷ್ಟೇ ಅಲ್ಲ, ಹತ್ತು ಬಗೆಯಾಗಿ ನೋಡುವ ಕಣ್ಣನ್ನು.

ಪರಿಹಾರ ಕಷ್ಟದ್ದಲ್ಲ. ಮಗು ‘ಆಸಮ್’ ಎಂದಾಗ ಗದರಿಸಬೇಕಾಗಿಲ್ಲ, “ಯಾವ ಬಗೆಯ ಆಸಮ್?” ಎಂದು ಕೇಳಿದರೆ ಸಾಕು. ತರಗತಿಯಲ್ಲಿ ಈ ಪ್ರಶ್ನೆಯನ್ನು ನಾನು ಅನೇಕ ವರ್ಷ ಕೇಳಿದ್ದೇನೆ. ಮೊದಲು ಮಕ್ಕಳು ತಡವರಿಸುತ್ತಾರೆ, ಆಮೇಲೆ ಹುಡುಕುತ್ತಾರೆ, ಮನೆಗೆ ಹೋಗಿ ಅಜ್ಜಿಯನ್ನು ಕೇಳುತ್ತಾರೆ, ಮರುದಿನ ನಾನು ನಿರೀಕ್ಷಿಸದ ಪದವೊಂದನ್ನು ತರುತ್ತಾರೆ. ಹಾಗೆ ಬಂದ ಪದಗಳಲ್ಲಿ ನಮ್ಮ ಕರಾವಳಿಯ ‘ಲಾಯ್ಕ’ವೂ ಒಂದು. ಅರಬ್ಬಿಯ ‘ಲಾಯಿಕ್’ ಎಂಬುದರಿಂದ ಬಂದ ಅದರ ಮೂಲಾರ್ಥ ‘ಯೋಗ್ಯ, ತಕ್ಕದ್ದು’. ಹೊರಗಿನಿಂದ ಬಂದ ಪದವನ್ನು ಹೇಗೆ ಮನೆಯವಳನ್ನಾಗಿ ಮಾಡಿಕೊಳ್ಳಬಹುದು ಎಂಬುದಕ್ಕೆ ಅದು ಸಾಕ್ಷಿ. ಅದರ ಹೊಗಳಿಕೆಯಲ್ಲಿ ಭಯವಿಲ್ಲ, ಉತ್ಪ್ರೇಕ್ಷೆಯಿಲ್ಲ, ಇರುವುದು ಔಚಿತ್ಯ. ಸಾರು ಲಾಯ್ಕ, ಪದ್ಯ ಹೇಳಿದ್ದು ಲಾಯ್ಕ, ಹುಡುಗನ ನಡತೆ ಲಾಯ್ಕ.

ಏಳು ಭಾಷೆಗಳ ಸಂಗಮವೆಂದು ಹೆಸರಾದ ಕಾಸರಗೋಡಿನಲ್ಲಿ ಪದಗಳಿಗೆ ಬಾಗಿಲು ಮುಚ್ಚುವುದು ಸಾಧ್ಯವೂ ಅಲ್ಲ, ಯೋಗ್ಯವೂ ಅಲ್ಲ. ‘ಆಸಮ್’ ಕೂಡ ಒಂದು ಕಾಲಕ್ಕೆ ಎರಡು ಭಾಷೆಗಳ ಗಡಿಯ ಹಳ್ಳಿಗಳಲ್ಲಿ ಬೆಳೆದ ಕೂಸೇ. ಬಂದದ್ದು ಬರಲಿ. ನಮ್ಮಲ್ಲಿರುವ ಪದಗಳನ್ನು ಅವುಗಳಿಗೆ ತಕ್ಕ ವಸ್ತುವಿನ ಮುಂದೆ, ತಕ್ಕ ತೂಕದಲ್ಲಿ ಬಳಸುವ ಅಭ್ಯಾಸ ಮಾತ್ರ ನಮ್ಮ ಮನೆಗಳಲ್ಲಿ ಉಳಿಯಲಿ. ಭವ್ಯವಾದುದನ್ನು ಭವ್ಯವೆನ್ನಲು, ಸೊಗಸಾದುದನ್ನು ಸೊಗಸೆನ್ನಲು, ಮಾತು ಸಾಲದ ಕಡೆ ಸುಮ್ಮನೆ ನಿಲ್ಲಲು ಬಲ್ಲ ಮಗು ಗಡಿಯ ಯಾವ ಬದಿಯಲ್ಲಿದ್ದರೂ ಕನ್ನಡದ ಮಗುವೇ.